ಸಾಂತಿಯಾಗೊದಲ್ಲಿ ಸಂಸಾರ: ಪದೇ ಪದೇ ಕೇಳೋ ಪ್ರಶ್ನೆಗಳು

ಚಿಲಿ ದೇಶದ ರಾಜಧಾನಿ ಸಾಂತಿಯಾಗೊಗೆ ಬಂದು ಆರು ವರ್ಷ ಆಯ್ತು. ನಮ್ಮನೆಯವರ ಕೆಲಸ ಐಟಿ, ನಾನು ಮೊದಲು ಮನೇಲಿದ್ದೆ, ಈಗ ಅರ್ಧ ದಿನ ಕೆಲಸಕ್ಕೆ ಹೋಗ್ತೀನಿ. ದಾವಣಗೆರೆ ನೆಂಟರು, ಬೆಂಗಳೂರಿಂದ ಇಲ್ಲಿಗೆ ಟ್ರಾನ್ಸ್‌ಫರ್ ಆಗಿ ಬರೋ ಹುಡುಗ್ರು, ಅವರ ಹೆಂಡ್ತಿಯರು, ಆಮೇಲೆ ಅವರ ಅಮ್ಮಂದಿರು ಎಲ್ಲಾ ಕೇಳೋದು ಸುಮಾರು ಇದೇ ಪ್ರಶ್ನೆಗಳು. ಪ್ರತಿ ಸಲ ವಾಯ್ಸ್ ಮೆಸೇಜ್ ಕಳ್ಸಿ ಕಳ್ಸಿ ಗಂಟಲು ಹೋಯ್ತು ಅಂತ ಒಂದು ಕಡೆ ಬರೆದು ಇಡ್ತಿದೀನಿ.

## ಹೊರಡೋಕೆ ಮುಂಚೆ

ಅಕ್ಕಾ, ಚಿಲಿ ಅಂದ್ರೆ ಅಮೆರಿಕಾ ಥರಾನೇ ಅಲ್ವಾ? ಇಂಗ್ಲಿಷಲ್ಲಿ ಮ್ಯಾನೇಜ್ ಆಗುತ್ತಲ್ವಾ?

ಅಮೆರಿಕಾ ಥರ ಅಲ್ಲ, ಬರೀ ಇಂಗ್ಲಿಷಲ್ಲಿ ಮ್ಯಾನೇಜೂ ಆಗಲ್ಲ. ಮ್ಯಾಪ್ ತೆಗೆದು ನೋಡಿ, ಅಮೆರಿಕಾ ಖಂಡದ ಕೆಳಗಡೆ ಎಡಗಡೆ ಪಡುವಲಕಾಯಿ ಥರ ಉದ್ದಕ್ಕೆ ಇಳಿಬಿದ್ದಿರೋದೇ ಚಿಲಿ. ಉತ್ತರಕ್ಕೆ ಮರಳುಗಾಡು, ಪೂರ್ವಕ್ಕೆ ಆಂಡಿಸ್ ಬೆಟ್ಟ, ಪಶ್ಚಿಮಕ್ಕೆ ಸಮುದ್ರ. ಊರಿನ ಮಧ್ಯ 300 ಮೀಟರ್ ಎತ್ತರದ ಗಾಜಿನ ಟವರ್ ಇದೆ, ಮಾಲ್ ಇದೆ, ರಸ್ತೆ ಚೆನ್ನಾಗಿದೆ, ಹಂಗಾಗಿ ಮೊದಲ ವಾರ ಅಮೆರಿಕಾನೇ ಅನ್ಸುತ್ತೆ. ಎರಡನೇ ವಾರ ಗ್ಯಾಸ್ ಸಿಲಿಂಡರ್ ಗಾಡಿ ಬೀದೀಲಿ ಟಣ್ ಟಣ್ ಅಂತ ಬಡ್ಕೊಂಡು ಬರುತ್ತೆ, ಪಕ್ಕದ ಬೀದೀಲಿ ಸಂತೆ ಹಾಕ್ತಾರೆ, ಬೀದಿನಾಯಿಗೆ ಯಾರೋ ಸ್ವೆಟರ್ ಹಾಕಿರ್ತಾರೆ, ಅವಾಗ ಇದು ಬೇರೆ ಲೆಕ್ಕ ಅಂತ ಗೊತ್ತಾಗುತ್ತೆ. ನನ್ನ ಕೇಳಿದ್ರೆ ಇದು ಅಮೆರಿಕಾಗಿಂತ 1990ರ ಸುಮಾರಿನ ನಮ್ಮೂರಿಗೇ ಹತ್ತಿರ, ಇಂಟರ್ನೆಟ್ ಮಾತ್ರ ಚೆನ್ನಾಗಿದೆ. ಇಂಗ್ಲಿಷ್ ಆಫೀಸಲ್ಲಿ ನಡೆಯುತ್ತೆ. ತರಕಾರಿ ಅಂಗಡಿ, ಪ್ಲಂಬರ್, ವಾಚ್‌ಮ್ಯಾನ್, ಡಾಕ್ಟರ್ ರಿಸೆಪ್ಷನ್ ಯಾವುದರಲ್ಲೂ ನಡೆಯಲ್ಲ. ಬರೋಕೆ ಮುಂಚೆ ಮೂರು ತಿಂಗಳಾದ್ರೂ ಸ್ಪ್ಯಾನಿಷ್ ಕಲೀರಿ, ಅದೂ ಹೆಂಡ್ತಿ ಕಲೀಲಿ ಮೊದಲು, ಯಾಕಂದ್ರೆ ಊರು ಎದುರಿಸೋದು ಅವಳೇ.

ಸಾಂಬಾರ್ ಪುಡಿ, ಬೇಳೆ, ಉಪ್ಪಿನಕಾಯಿ, ಕರಿಬೇವು ಎಲ್ಲಾ ತರಬಹುದಾ?

ಚಿಲಿಯವರಿಗೆ ಚೆರ್ರಿ, ದ್ರಾಕ್ಷಿ, ಸೇಬು ಎಕ್ಸ್‌ಪೋರ್ಟ್ ಬಹಳ ದೊಡ್ಡ ವ್ಯಾಪಾರ. ಬೆಟ್ಟ, ಮರಳುಗಾಡು, ಸಮುದ್ರ ಸುತ್ತ ಇರೋದ್ರಿಂದ ಹೊರಗಿನ ಹುಳ, ರೋಗ ಸುಲಭಕ್ಕೆ ಒಳಗೆ ಬರಲ್ಲ, ಅದನ್ನ ಹಂಗೇ ಉಳಿಸ್ಕೊಳ್ಳೋಕೆ ಏರ್‌ಪೋರ್ಟಲ್ಲಿ ಕೃಷಿ ಇಲಾಖೆಯವರು ಕೂತಿರ್ತಾರೆ. ಗಿಡದ್ದು, ಪ್ರಾಣಿದು ಏನೇ ಇದ್ರೂ ಫಾರ್ಮಲ್ಲಿ ಬರೀಬೇಕು. ಬರೆದ್ರೆ ಜಾಸ್ತಿ ಅಂದ್ರೆ ಆ ಸಾಮಾನು ತೆಗೆದಿಟ್ಕೋತಾರೆ ಅಷ್ಟೇ, ಬರೀದೇ ಸಿಕ್ಕಿಬಿದ್ರೆ ದಂಡ. ಕುಟ್ಟಿ ಪುಡಿ ಮಾಡಿ ಪ್ಯಾಕ್ ಮಾಡಿರೋದು ನಮಗೆ ಇದುವರೆಗೂ ತೊಂದ್ರೆ ಇಲ್ದೆ ಬಂದಿದೆ. ಹಸಿ ಸೊಪ್ಪು, ಹಣ್ಣು, ಬಿತ್ತೋಕಾಗೋ ಕಾಳು, ಜೇನುತುಪ್ಪ ಇವೆಲ್ಲ ಮರೆತುಬಿಡಿ. ನಮ್ಮತ್ತೆ ಒಂದು ಸಲ ಸೀರೆ ಮಡಿಕೆ ಒಳಗೆ ಕರಿಬೇವು ಇಟ್ಟು ಯಾರಿಗೂ ಹೇಳ್ದೇ ಕಳ್ಸಿದ್ರು. ನಾಯಿ ಬಂದು ಬ್ಯಾಗ್ ಪಕ್ಕ ಸುಮ್ನೆ ಕೂತ್ಕೊಂಡ್ತು. ಬೊಗಳೋದೂ ಇಲ್ಲ ಆ ನಾಯಿ, ಕೂತ್ಕೊಳ್ಳುತ್ತೆ ಅಷ್ಟೇ, ಅದೇ ಜಾಸ್ತಿ ಅವಮಾನ.

ಪಾಸ್‌ಪೋರ್ಟಲ್ಲಿ ನನಗೆ ಸರ್‌ನೇಮೇ ಇಲ್ಲ, ತೊಂದ್ರೆ ಆಗುತ್ತಾ?

ಆಗುತ್ತೆ, ಜಾಸ್ತೀನೇ ಆಗುತ್ತೆ. ಇಲ್ಲಿ ಪ್ರತಿಯೊಬ್ಬರಿಗೂ ಎರಡು ಸರ್‌ನೇಮ್, ರೂಢೀಲಿ ಮೊದಲು ಅಪ್ಪಂದು ಆಮೇಲೆ ಅಮ್ಮಂದು. ಫಾರ್ಮಲ್ಲಿ ಎರಡೂ ಖಾನೆ ತುಂಬ್ದೆ ಇದ್ರೆ ಎಷ್ಟೋ ವೆಬ್‌ಸೈಟ್ ಮುಂದಕ್ಕೇ ಹೋಗಲ್ಲ. ನಮ್ಮ ಕಡೆ ಇನಿಷಿಯಲ್ ಇರುತ್ತೆ, ಅದನ್ನ ಬಿಡಿಸಿದ್ರೆ ಒಂದು ಊರ ಹೆಸರು ಒಂದು ಅಪ್ಪನ ಹೆಸರು, ಆ ಕೌಂಟರ್ ಹುಡುಗಿಗೆ ಇದನ್ನ ಹೆಂಗೆ ಹೇಳೋದು. ಪಾಸ್‌ಪೋರ್ಟಲ್ಲಿ ಸರ್‌ನೇಮ್ ಖಾನೆ ಖಾಲಿ ಇದ್ರೆ ವೀಸಾಕ್ಕೆ ಹಾಕೋಕೆ ಮುಂಚೆನೇ ಇಂಡಿಯಾದಲ್ಲೇ ಸರಿ ಮಾಡಿಸಿ, ಆಮೇಲೆ ಮದುವೆ ಸರ್ಟಿಫಿಕೇಟ್, ಡಿಗ್ರಿ, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ಇನ್ನೊಂದು ತಮಾಷೆ, ಇಲ್ಲಿ ಮದುವೆ ಆದ್ಮೇಲೆ ಹೆಂಗಸರು ಹೆಸರು ಬದಲಾಯಿಸಲ್ಲ. ಗಂಡ ಹೆಂಡ್ತಿಗೆ ಒಂದೇ ಸರ್‌ನೇಮ್ ನೋಡಿ ನಮ್ಮನ್ನ ಅಣ್ಣ ತಂಗೀನಾ ಅಂತ ಕೇಳಿದ್ದಾರೆ, ಒಂದು ಸಲ ಅಲ್ಲ ಮೂರು ಸಲ.

ಮೊದಲು ಟೂರಿಸ್ಟಾಗಿ ಬಂದು ಆಮೇಲೆ ಅಲ್ಲೇ ವೀಸಾ ಮಾಡಿಸ್ಕೊಂಡ್ರೆ ಆಗಲ್ವಾ?

ಮುಂಚೆ ಆಗ್ತಿತ್ತು. 2022ರಲ್ಲಿ ಹೊಸ ವಲಸೆ ಕಾನೂನು ಜಾರಿಗೆ ಬಂದ್ಮೇಲೆ ಟೂರಿಸ್ಟಾಗಿ ಬಂದವರಿಗೆ ಆ ದಾರಿ ಹೆಚ್ಚುಕಮ್ಮಿ ಮುಚ್ಚಿದೆ, ತಾತ್ಕಾಲಿಕ ರೆಸಿಡೆನ್ಸಿಗೆ ಹೊರಗಿದ್ದೇ ಆನ್‌ಲೈನಲ್ಲಿ ಹಾಕ್ಬೇಕು. ಡಿಗ್ರಿ, ಮದುವೆ, ಮಗುವಿನ ಜನನ ಪತ್ರ, ಪೊಲೀಸ್ ಸರ್ಟಿಫಿಕೇಟ್ ಎಲ್ಲಕ್ಕೂ ಅಪೋಸ್ಟೀಲ್ (ಪತ್ರ ಅಸಲಿ ಅಂತ ಹೊರದೇಶದವರು ಒಪ್ಪೋಕೆ ನಮ್ಮ ಸರ್ಕಾರ ಹಾಕೋ ಮುದ್ರೆ) ಮಾಡಿಸಿ. ಚಿಲಿ 2016ರಿಂದ ಅಪೋಸ್ಟೀಲ್ ಒಪ್ಪುತ್ತೆ, ಹಂಗಾಗಿ ಎಂಬೆಸಿ ಸೀಲಿಗೆ ಅಲೆಯೋ ಹಳೇ ಕಥೆ ಈಗಿಲ್ಲ. ಒಂದಕ್ಕೆ ಎರಡು ಕಾಪಿ ಮಾಡಿಸ್ಕೊಂಡ್ರೆ ಒಳ್ಳೇದು. ಇಲ್ಲಿಂದ ಕೂತು ಹರಿಹರದ ಮುನ್ಸಿಪಾಲಿಟಿಗೆ ಫೋನ್ ಮಾಡೋ ಕಷ್ಟ ಯಾರಿಗೂ ಬೇಡ.

## ಮೊದಲ ಎರಡು ತಿಂಗಳು

ಎಲ್ಲರೂ ರುತ್ ರುತ್ ಅಂತಾರಲ್ಲ, ಯಾರದು?

ನಾನೂ ಮೊದಲು ಯಾರೋ ಹೆಂಗಸು ಅಂದ್ಕೊಂಡಿದ್ದೆ. ರುತ್ ಅಂದ್ರೆ ನಂಬರ್, ನಮ್ಮ ಆಧಾರ್ ಮತ್ತೆ ಪ್ಯಾನ್ ಎರಡೂ ಸೇರಿದ್ರೆ ಹೆಂಗೋ ಹಂಗೆ. ಕೊನೇಲಿ ಒಂದು ಗೆರೆ ಹಾಕಿ ಒಂದು ಅಂಕಿ ಇರುತ್ತೆ, ಅದು ಮುಂದಿನ ಅಂಕಿಗಳನ್ನ ಲೆಕ್ಕ ಹಾಕಿ ಬರೋ ಚೆಕ್ ಅಂಕಿ, ಲೆಕ್ಕದಲ್ಲಿ ಹತ್ತು ಬಂದ್ರೆ ಅಂಕಿ ಬದಲು 'ಕೆ' ಅಂತ ಹಾಕ್ತಾರೆ. ನಂದು ಕೆ, ಸಾಫ್ಟ್‌ವೇರ್ ಹುಡುಗ್ರಿಗೆ ಹೇಳಿದ್ರೆ ಖುಷಿ ಪಡ್ತಾರೆ. ಮನೆ ಬಾಡಿಗೆ, ಬ್ಯಾಂಕು, ಆಸ್ಪತ್ರೆ ಎಲ್ಲಾ ಕಡೆ ಇದೇ ಕೇಳೋದು, ಸೂಪರ್‌ಮಾರ್ಕೆಟಲ್ಲಿ ಎರಡು ಬಾಳೆಹಣ್ಣು ತಗೊಂಡ್ರೂ ಪಾಯಿಂಟಿಗೆ ರುತ್ ಹೇಳಿ ಅಂತಾರೆ. ಬಂದ ತಕ್ಷಣ ಪೊಲೀಸ್ ಇಲಾಖೇಲಿ ವೀಸಾ ರಿಜಿಸ್ಟರ್ ಮಾಡಿಸಿ, ಆಮೇಲೆ ರಿಜಿಸ್ತ್ರೊ ಸಿವಿಲ್ ಅನ್ನೋ ನೋಂದಣಿ ಕಚೇರೀಲಿ ಗುರುತಿನ ಕಾರ್ಡಿಗೆ ಅಪಾಯಿಂಟ್‌ಮೆಂಟ್ ಹಿಡೀರಿ. ಕಾರ್ಡ್ ಕೈಗೆ ಬರೋತನಕ ನೀವು ಊರಲ್ಲಿದ್ದೂ ಇಲ್ಲದ ಹಾಗೆ. ಕಾರ್ಡ್ ಸಿಕ್ಕ ದಿನವೇ ಬ್ಯಾಂಕೊ ಎಸ್ತಾದೊದ 'ಕ್ವೆಂತಾ ರುತ್' ಅಕೌಂಟ್ ತೆಗೀರಿ, ಅದರ ಅಕೌಂಟ್ ನಂಬರೇ ನಿಮ್ಮ ರುತ್, ಕೊನೇ ಅಂಕಿ ಬಿಟ್ಟು. ಬಾಕಿ ಬ್ಯಾಂಕಿನವರು ಸಂಬಳದ ಸ್ಲಿಪ್ ಇಷ್ಟು ತಿಂಗಳದ್ದು ತನ್ನಿ ಅಂತ ಸುತ್ತಿಸ್ತಾರೆ.

ಬಾಡಿಗೆ ಮನೆ ಹಿಡಿಯೋವಾಗ ಏನು ನೋಡ್ಬೇಕು? ವಾಸ್ತು ಸಿಗುತ್ತಾ?

ವಾಸ್ತು ಆಮೇಲೆ, ಮೊದಲು ಬಿಸಿಲು. ನಾವಿರೋದು ಭೂಮಿಯ ಕೆಳಭಾಗ, ಇಲ್ಲಿ ಸೂರ್ಯ ಪೂರ್ವದಲ್ಲಿ ಹುಟ್ಟಿ ಉತ್ತರದ ಕಡೆಯಿಂದ ಹಾದು ಪಶ್ಚಿಮಕ್ಕೆ ಹೋಗ್ತಾನೆ. ದಕ್ಷಿಣಕ್ಕೆ ಕಿಟಕಿ ಇರೋ ಫ್ಲಾಟಿಗೆ ಚಳಿಗಾಲದಲ್ಲಿ ಒಂದು ಕಿರಣ ಬರಲ್ಲ. ನಮಗೆ ಗೊತ್ತಿಲ್ದೆ ಮೊದಲ ವರ್ಷ ಹಂಗಿರೋದೇ ಹಿಡಿದ್ವಿ, ಬಾಡಿಗೆ ಕಮ್ಮಿ ಇದೆ ಅಂತ ಬೀಗಿದ್ವಿ. ಬಟ್ಟೆ ನಾಲ್ಕು ದಿನ ಆದ್ರೂ ಒಣಗ್ತಿರಲಿಲ್ಲ, ಬೀರು ಹಿಂದೆ ಬೂಷ್ಟು ಬಂತು, ತುಳಸಿ ಗಿಡ ಜೂನಲ್ಲಿ ಹೋಯ್ತು. ಜಾಹೀರಾತಲ್ಲಿ 'ನೋರ್ತೆ' ಅಂತ ಇದೆಯಾ ನೋಡಿ, ಅಂದ್ರೆ ಉತ್ತರ. ಕುಬೇರ ದಿಕ್ಕು ಅಂತ ಅಮ್ಮಂದಿರಿಗೂ ಸಮಾಧಾನ.

ದುಡ್ಡಿನ ವಿಷಯ ಹೇಳ್ಬೇಕಂದ್ರೆ, ಬಾಡಿಗೆ ಎಷ್ಟೋ ಕಡೆ ಯು.ಎಫ್. ಲೆಕ್ಕದಲ್ಲಿ ಇರುತ್ತೆ. ಅದು 1967ರಲ್ಲಿ ಶುರು ಮಾಡಿದ, ಬೆಲೆ ಏರಿಕೆ ಜೊತೆ ದಿನಾ ಬದಲಾಗೋ ಲೆಕ್ಕದ ಯೂನಿಟ್, ಕೈಗೆ ಸಿಗೋ ನೋಟಲ್ಲ. ಅಂದ್ರೆ ಓನರ್ ಬಾಡಿಗೆ ಏರಿಸೋದೇ ಬೇಡ, ತಾನಾಗೇ ಏರುತ್ತೆ. ಇದರ ಮೇಲೆ ಒಂದು ತಿಂಗಳ ಅಡ್ವಾನ್ಸ್ (ಬೆಂಗಳೂರಿನ ಹತ್ತು ತಿಂಗಳು ನೆನೆಸ್ಕೊಂಡ್ರೆ ಪುಣ್ಯ), ಬ್ರೋಕರ್‌ಗೆ ಸಾಮಾನ್ಯವಾಗಿ ಅರ್ಧ ತಿಂಗಳು ಪ್ಲಸ್ ಟ್ಯಾಕ್ಸ್, ಪ್ರತಿ ತಿಂಗಳು 'ಗಾಸ್ತೊಸ್ ಕೊಮುನೆಸ್' ಅಂತ ಮೇಂಟೆನೆನ್ಸ್ ಬೇರೆ. ಸಂಬಳ ಬಾಡಿಗೆಯ ಮೂರು ಪಟ್ಟು ಇರ್ಬೇಕು ಅಂತಾರೆ, 'ಅವಾಲ್' ಅಂದ್ರೆ ಜಾಮೀನು ಕೇಳ್ತಾರೆ, ಹೊಸಬರಿಗೆ ಜಾಮೀನು ಯಾರು ನಿಲ್ತಾರೆ, ಅದನ್ನ ಕಂಪನಿ ಕೈಲಿ ಬರೆಸ್ಕೊಂಡೇ ಬನ್ನಿ. ಏರಿಯಾ ಅಂದ್ರೆ ಪ್ರೊವಿದೆನ್ಸಿಯಾ, ನ್ಯುನ್ಯೋವಾ ಎರಡೂ ಸಂಸಾರಸ್ಥರಿಗೆ ಒಳ್ಳೇದು. ಲಾಸ್ ಕೊಂದೆಸ್ ದುಬಾರಿ, ಆಫೀಸು ಹತ್ತಿರ.

ನಲ್ಲಿ ನೀರು ಕುಡೀಬಹುದಾ?

ಕುಡೀಬಹುದು. ಬೆಟ್ಟದ ನೀರು, ಸ್ವಲ್ಪ ಗಡಸು. ಪಾತ್ರೇಲಿ ಬಿಳೀ ಕಲೆ ಕೂರುತ್ತೆ, ಅಷ್ಟೇ.

ಅಂಗಡೀಲಿ ಟೊಮ್ಯಾಟೊ ಕೆಜಿಗೆ 1.500 ಅಂತ ಹಾಕಿದಾರೆ, ಒಂದೂವರೆ ಪೆಸೊನಾ?

ಅಯ್ಯೋ ಇಲ್ಲ, ಸಾವಿರದ ಐನೂರು. ಇಲ್ಲಿ ಸಾವಿರಕ್ಕೆ ಕಾಮಾ ಬದಲು ಚುಕ್ಕೆ ಇಡ್ತಾರೆ. ಪೈಸೆ ಅನ್ನೋದೇ ಇಲ್ಲ, 1 ಮತ್ತೆ 5 ಪೆಸೊ ನಾಣ್ಯ ಮಾಡೋದನ್ನೂ 2017ರಲ್ಲಿ ನಿಲ್ಲಿಸಿ ಹತ್ತಕ್ಕೆ ರೌಂಡ್ ಮಾಡ್ತಾರೆ. ಜನ ಸಾವಿರ ಅನ್ನಲ್ಲ, 'ಲೂಕಾ' ಅಂತಾರೆ. 'ದೋಸ್ ಲೂಕಾಸ್' ಅಂದ್ರೆ ಎರಡು ಸಾವಿರ. ಹೋಟೆಲ್ ಬಿಲ್ಲಲ್ಲಿ ಹತ್ತು ಪರ್ಸೆಂಟ್ ಟಿಪ್ಸ್ ಸೇರಿಸ್ಲಾ ಅಂತ ಕೇಳ್ತಾರೆ, ಬೇಡ ಅನ್ನಬಹುದು, ಆದ್ರೆ ಯಾರೂ ಅನ್ನಲ್ಲ.

## ಅಡುಗೆಮನೆ

ನಾವು ಪ್ಯೂರ್ ವೆಜ್, ಬದುಕೋಕಾಗುತ್ತಾ?

ಆರಾಮಾಗಿ, ನಾಲ್ಕು ಪದ ಕಲಿತ್ರೆ. 'ಕಾರ್ನೆ' ಬೇಡ ಅಂದ್ರೆ ಇವರಿಗೆ ದನದ ಮಾಂಸ ಬೇಡ ಅಂತಷ್ಟೇ ಅರ್ಥ, ಕೋಳಿ ಹಾಕಿ ತಂದುಕೊಡ್ತಾರೆ, ಪ್ರೀತಿಯಿಂದಾನೇ. ಕಾರ್ನೆ, ಪೋಯೊ (ಕೋಳಿ), ಪೆಸ್ಕಾದೊ (ಮೀನು), ಹಮೋನ್ (ಹಂದಿ ಮಾಂಸದ ಹ್ಯಾಮ್) ಅಂತ ನಾಲ್ಕೂ ಹೆಸರು ಹೇಳಿ ಬೇಡ ಅನ್ನಿ. ಹುರುಳಿಕಾಯಿ ಬೀಜದ ಸಾರಿನ ಥರ 'ಪೊರೋತೊಸ್' ಮಾಡ್ತಾರೆ, ನೋಡೋಕೆ ನಮ್ಮ ಊಟನೇ, ಒಳಗೆ ಸಾಸೇಜ್ ತುಂಡು ಅಡಗಿರುತ್ತೆ. ಬ್ರೆಡ್ಡಲ್ಲೂ ಕೇಳಿ, 'ಮಾಂತೆಕಾ' ಅಂದ್ರೆ ಇಲ್ಲಿ ಬೆಣ್ಣೆ ಅಲ್ಲ, ಹಂದಿ ಕೊಬ್ಬು. ಬೆಣ್ಣೆಗೆ 'ಮಾಂತೆಕೀಯಾ'. ಒಂದೇ ಅಕ್ಷರದ ಹತ್ತಿರ ಎಷ್ಟು ದೂರ ನೋಡಿ.

ಮನೇಲಿ ಮಾಡ್ಕೊಳ್ಳೋಕೆ ಸಮಸ್ಯೆನೇ ಇಲ್ಲ. ವಾರಕ್ಕೆ ಇಂತಿಂಥ ದಿನ ಅಂತ ಬೀದೀಲಿ 'ಫೆರಿಯಾ' ಹಾಕ್ತಾರೆ, ಶುದ್ಧ ನಮ್ಮ ಸಂತೆ. ಮಾಮೂಲಿ ಗಿರಾಕಿ ಆದ್ರೆ ಅಂಗಡಿಯವಳು 'ಕಾಸೇರಾ' ಅಂತ ಕರೀತಾಳೆ, ನೀವೂ ಅವಳನ್ನ ಹಂಗೇ ಕರೀರಿ. ತೂಕ ಆದ್ಮೇಲೆ ಒಂದು ಹಿಡಿ ಜಾಸ್ತಿ ಹಾಕ್ತಾರಲ್ಲ, ನಾವು ಕೊಸರು ಅಂತೀವಿ, ಇವರು 'ಯಾಪಾ' ಅಂತಾರೆ. ನಾನು ಸ್ಪ್ಯಾನಿಷಲ್ಲಿ ಮೊದಲು ಗಟ್ಟಿ ಕಲಿತ ಪದ ಇದೇ, ಇದನ್ನ ಕೇಳ್ದಾಗ ಆ ಅಜ್ಜಿ ನಕ್ಕು ಎರಡು ಕಟ್ಟು ಕೊತ್ತಂಬರಿ ಹಾಕಿದ್ಲು. ಎಲ್ಲಾ ಒಟ್ಟಿಗೆ ಬೇಕಂದ್ರೆ ಲಾ ವೇಗಾ ಮಾರ್ಕೆಟ್ಟಿಗೆ ಹೋಗಿ, ಕೆ.ಆರ್. ಮಾರ್ಕೆಟ್ ನೆನಪಾಗುತ್ತೆ, ಪರ್ಸ್ ಮುಂದೆ ಹಾಕ್ಕೊಳ್ಳಿ.

ಇಡ್ಲಿ ದೋಸೆಗೆ ಏನು ಮಾಡ್ತೀರಾ?

ಸಿಟೀಲಿ ಕೆಲವು ಇಂಡಿಯನ್ ಅಂಗಡಿ ಇದಾವೆ, ಉದ್ದಿನಬೇಳೆ, ತೊಗರಿಬೇಳೆ ಅಲ್ಲಿ, ಬೆಲೆ ಕೇಳಿ ಕೂತ್ಕೊಳ್ಳಿ. ಅದಕ್ಕೆ ನಾನು ಉದ್ದು ಒಂದನ್ನೇ ಕೊಳ್ಳೋದು. ತೊಗರಿ ಬದಲು ಹಳದಿ ಬಟಾಣಿ ಬೇಳೆ, ಸೂಪರ್‌ಮಾರ್ಕೆಟಲ್ಲೇ ಸಿಗುತ್ತೆ, ಸಾರಿಗೆ ನಡೆಯುತ್ತೆ, ಹೋಳಿಗೆಗೆ ಆಗಲ್ಲ, ಟ್ರೈ ಮಾಡಿ ಕೆಟ್ಟಿದೀನಿ. 'ಸೇಮೋಲಾ' ಅಂದ್ರೆ ರವೆ, ಉಪ್ಪಿಟ್ಟು ಅದರಲ್ಲೇ. ಕಡೆಗೆ ನನಗೆ ಆಶ್ಚರ್ಯ ಆಗಿದ್ದು 'ಅರೀನಾ ತೊಸ್ತಾದಾ', ಗೋಧಿ ಹುರಿದು ಬೀಸಿದ ಹಿಟ್ಟು. ಹಾಲಿಗೋ ನೀರಿಗೋ ಸಕ್ಕರೆ ಹಾಕಿ ಕಲಸಿ ಕುಡೀತಾರೆ ಹಳ್ಳೀಲಿ. ಹುರಿಹಿಟ್ಟು! ಅಜ್ಜಿ ಮಾಡ್ತಿದ್ದಿದ್ದೇ, ವಾಸನೆನೂ ಅದೇ. ಖಾರಕ್ಕೆ 'ಮೆರ್ಕೆನ್' ತನ್ನಿ, ಇಲ್ಲಿನ ಮೂಲನಿವಾಸಿ ಮಾಪುಚೆ ಜನರದ್ದು, ಹೊಗೇಲಿ ಒಣಗಿಸಿದ ಮೆಣಸಿನಕಾಯಿಗೆ ಕೊತ್ತಂಬರಿ ಬೀಜ ಹಾಕಿ ಕುಟ್ಟಿದ ಪುಡಿ, ಮೊಸರನ್ನಕ್ಕೆ ಉದುರಿಸಿ ನೋಡಿ.

ಹಿಟ್ಟು ಹುದುಗೋದು ಡಿಸೆಂಬರಲ್ಲಿ ಒಂದು ರಾತ್ರಿ, ಜುಲೈಯಲ್ಲಿ ಎರಡು ದಿನ. ಓವನ್ ಒಳಗೆ ಲೈಟ್ ಹಾಕಿ ಇಡಿ. ಫಿಲ್ಟರ್ ಕಾಫಿ ಪುಡಿ ಊರಿಂದಲೇ, ಇಲ್ಲಿ ಮನೆಮನೇಲೂ ಇನ್‌ಸ್ಟಂಟೇ ಕುಡಿಯೋದು, ಆ ವಿಷಯಕ್ಕೆ ಮಾತ್ರ ನಾನು ಇವರನ್ನ ಕ್ಷಮಿಸಿಲ್ಲ.

## ದಿನಾ ಬದುಕು

ಸ್ಪ್ಯಾನಿಷ್ ಆ್ಯಪಲ್ಲಿ ಕಲ್ತೆ, ಇಲ್ಲಿ ಒಂದು ಪದ ಅರ್ಥ ಆಗ್ತಿಲ್ಲ, ಯಾಕೆ?

ನಿಮ್ಮ ತಪ್ಪಲ್ಲ. ಚಿಲಿಯವರು ಪದದ ಕೊನೇ 'ಸ್' ನುಂಗ್ತಾರೆ, ಜೋರಾಗಿ ಓಡಿಸ್ತಾರೆ, ಪ್ರತಿ ವಾಕ್ಯದ ಬಾಲಕ್ಕೆ 'ಪೋ' ಹಚ್ತಾರೆ. ಆ ಪೋಗೆ ಅರ್ಥ ಹುಡುಕ್ಬೇಡಿ, ಮಂಗಳೂರವರ 'ಮಾರಾಯ', ನಮ್ಮ 'ಕಣಪ್ಪ' ಇದ್ದ ಹಾಗೆ. 'ಕಚಾಯ್?' ಅಂದ್ರೆ ಗೊತ್ತಾಯ್ತಾ. 'ಅಲ್ತೀರೊ' ಅಂದ್ರೆ ಈಗ್ಲೇ, ಪ್ಲಂಬರ್ ಹೇಳಿದ್ರೆ ನಾಳೆ. ಉಚ್ಚಾರಣೆ ನಮಗೆ ಬಹಳ ಸುಲಭ, ತ, ದ ನಮ್ಮದೇ, ಬರೆದಂಗೆ ಓದೋದು. ಪದಗಳೂ ಕೆಲವು ಅಪರಿಚಿತ ಅಲ್ಲ. ಟೇಬಲ್ಲಿಗೆ 'ಮೇಸಾ', ನಮ್ಮ ಮೇಜು. ಬೀರುಗೆ 'ಅರ್ಮಾರಿಯೊ', ನಮ್ಮ ಅಲಮಾರು. ದುಡ್ಡು ಕೊಡೋದಕ್ಕೆ 'ಪಗಾರ್'. ಇವೆಲ್ಲ ಗೋವಾ ಕಡೆಯಿಂದ ಪೋರ್ಚುಗೀಸರ ಬಾಯಲ್ಲಿ ನಮ್ಮಲ್ಲಿಗೆ ಬಂದಿರೋ ಪದ, ಸ್ಪ್ಯಾನಿಷ್ ಅದರ ಅಕ್ಕನ ಮಗಳು ಅಂದ್ಕೊಳ್ಳಿ.

ಚಳಿ ಎಷ್ಟಿರುತ್ತೆ? ಹಿಮ ಬೀಳುತ್ತಾ?

ಹಿಮ ಬೆಟ್ಟದ ಮೇಲೆ, ಊರಲ್ಲಿ ಅಪರೂಪ. ಜೂನ್ ಜುಲೈ ಬೆಳಿಗ್ಗೆ ಮೂರು ನಾಲ್ಕು ಡಿಗ್ರಿ. ಇದು ಕೇಳೋಕೆ ಕಮ್ಮಿ, ಆದ್ರೆ ಬಹಳ ಮನೇಲಿ ಸೆಂಟ್ರಲ್ ಹೀಟಿಂಗ್ ಇಲ್ಲ, ಒಳಗೂ ಅಷ್ಟೇ ಚಳಿ. ಜನ ಏನು ಮಾಡ್ತಾರೆ ಗೊತ್ತಾ, ಪೆಟ್ರೋಲ್ ಬಂಕಿಗೆ ಕ್ಯಾನ್ ತಗೊಂಡೋಗಿ 'ಪರಾಫಿನಾ' ತುಂಬಿಸ್ಕೊಂಡ್ ಬಂದು ಸ್ಟವ್ ಹಚ್ಚಿ ಕೂರ್ತಾರೆ. ಪರಾಫಿನಾ ಅಂದ್ರೆ ಸೀಮೆಎಣ್ಣೆ. ರೇಷನ್ ಅಂಗಡಿ ಕ್ಯೂ ಬಿಟ್ಟು ಬಂದು ಇಪ್ಪತ್ತು ವರ್ಷ ಆದ್ಮೇಲೆ ಮತ್ತೆ ಸೀಮೆಎಣ್ಣೆ ಕ್ಯಾನ್ ಹಿಡಿದು ನಿಂತಿದೀನಿ. ಕಿಟಕಿ ಒಂದು ಬೆರಳು ತೆಗೆದಿಡಿ, ಹಚ್ಕೊಂಡು ಮಲಗಬೇಡಿ. ಬಚ್ಚಲಿನ ಬಿಸಿನೀರಿಗೆ 'ಕಲಿಫೋಂತ್' ಅಂತ ಗ್ಯಾಸ್ ಗೀಸರ್, ಅದಕ್ಕೂ ಇದೇ ಎಚ್ಚರ. ಚಳಿಗಾಲದಲ್ಲಿ ಸುತ್ತ ಬೆಟ್ಟ ಇರೋದ್ರಿಂದ ಹೊಗೆ ಮೇಲೆ ಹೋಗ್ದೆ ಊರ ಮೇಲೇ ಕೂರುತ್ತೆ, ಅಸ್ತಮಾ ಇರೋರು ಔಷಧಿ ಇಟ್ಕೊಂಡಿರಿ. ಮಳೆ ಬರೋದೂ ಚಳಿಗಾಲದಲ್ಲೇ. ಮಳೆ ಬಂದ ಮರುದಿನ ಮಾತ್ರ ಪೂರ್ವಕ್ಕೆ ನೋಡಿ, ಇಡೀ ಆಂಡಿಸ್ ತೊಳೆದಿಟ್ಟಂಗೆ ನಿಂತಿರುತ್ತೆ, ಲಿಫ್ಟಲ್ಲಿ ಅಪರಿಚಿತರೂ ಅದನ್ನೇ ಮಾತಾಡ್ತಾರೆ.

ಭೂಕಂಪ ಆಗುತ್ತಂತಲ್ಲಾ? ನಮ್ಮಮ್ಮ ಕಳಿಸಲ್ಲ ಅಂತಿದಾರೆ.

ಆಗುತ್ತೆ. ಜಗತ್ತಲ್ಲಿ ಅಳತೆಗೆ ಸಿಕ್ಕಿರೋ ಅತಿ ದೊಡ್ಡದು ಇದೇ ದೇಶದ ವಾಲ್ದೀವಿಯಾದಲ್ಲಿ, 1960, 9.5. 2010ರ ಫೆಬ್ರವರಿ 27ರ ಬೆಳಗಿನ ಜಾವ ಮೂರೂವರೆಗೆ ಆಗಿದ್ದು 8.8, ಅವತ್ತು ಎಲ್ಲಿದ್ರಿ ಅಂತ ಇಲ್ಲಿ ಯಾರನ್ನ ಕೇಳಿದ್ರೂ ಒಂದು ಗಂಟೆ ಕಥೆ ಹೇಳ್ತಾರೆ. ಅದಕ್ಕೇ ಕಟ್ಟಡ ಕಾನೂನು ಬಹಳ ಬಿಗಿ. ಸಣ್ಣದಕ್ಕೆ 'ತೆಂಬ್ಲೋರ್' ಅಂತಾರೆ, ಆಫೀಸಲ್ಲಿ ಯಾರೂ ಕುರ್ಚಿಯಿಂದ ಏಳಲ್ಲ, ಮಾತು ನಿಲ್ಲಿಸಿ ಸೀಲಿಂಗ್ ಲೈಟ್ ನೋಡ್ತಾರೆ, ಆಮೇಲೆ ಮುಂದುವರಿಸ್ತಾರೆ. ದೊಡ್ಡದಕ್ಕೆ 'ತೆರೆಮೋತೊ'. ಹೊರಗೆ ಓಡ್ಬೇಡಿ, ಲಿಫ್ಟ್ ಬೇಡ, ಗಾಜಿಂದ ದೂರ, ಗಟ್ಟಿ ಮೇಜಿನ ಕೆಳಗೆ. ಸಮುದ್ರದ ಹತ್ತಿರ ಇದ್ದಾಗ ನಿಲ್ಲೋಕಾಗದಷ್ಟು ಅಲುಗಾಡಿದ್ರೆ ಯಾರೂ ಹೇಳೋತನಕ ಕಾಯ್ಬೇಡಿ, ಸೀದಾ ಗುಡ್ಡ ಹತ್ತಿ. ಅಮ್ಮಂಗೆ 2010ದು ಹೇಳ್ಬೇಡಿ. ಅಂದ ಹಾಗೆ ವೈನಿಗೆ ಪೈನಾಪಲ್ ಐಸ್‌ಕ್ರೀಮ್ ಹಾಕಿ ಕೊಡೋ ಒಂದು ಡ್ರಿಂಕಿಗೂ ತೆರೆಮೋತೊ ಅಂತಾನೇ ಹೆಸರು, ಎದ್ದು ನಿಂತಾಗ ಯಾಕೆ ಅಂತ ಗೊತ್ತಾಗುತ್ತಂತೆ.

ಓಡಾಟ ಸೇಫಾ?

ಮೆಟ್ರೊ 1975ರಿಂದ ಇದೆ, ನಮ್ಮ ಮೆಟ್ರೊಗಿಂತ 36 ವರ್ಷ ದೊಡ್ಡದು, 'ಬಿಪ್' ಕಾರ್ಡ್ ಒಂದಿದ್ರೆ ಬಸ್ಸಿಗೂ ಅದೇ. ಬೆಳಿಗ್ಗೆ ಸಂಜೆ ರಶ್ಶಲ್ಲಿ ಟಿಕೆಟ್ ಜಾಸ್ತಿ. ರಸ್ತೇಲಿ ಫೋನ್ ಕೈಲಿ ಹಿಡಿದು ಮ್ಯಾಪ್ ನೋಡ್ತಾ ನಡೀಬೇಡಿ, ಕಿತ್ಕೊಂಡು ಓಡ್ತಾರೆ. ಪೊಲೀಸರಿಗೆ ದುಡ್ಡು ಕೊಡೋಕೆ ಕೈ ಹಾಕ್ಬೇಡಿ, ಊರ ಅಭ್ಯಾಸ ಇಲ್ಲಿ ಜೈಲಿಗೆ ದಾರಿ. ಆಂಬ್ಯುಲೆನ್ಸ್ 131, ಫೈರ್ 132, ಪೊಲೀಸ್ 133. ಫೈರ್‌ನವರು ಸಂಬಳ ಇಲ್ಲದ ವಾಲಂಟಿಯರ್‌ಗಳು, ಬ್ಯಾಂಕ್ ಮ್ಯಾನೇಜರ್ ರಾತ್ರಿ ಬೆಂಕಿ ಆರಿಸೋಕೆ ಹೋಗಿರ್ತಾನೆ.

ಹೆಂಗಸರು ಗಂಡಸರು ಎಲ್ಲಾ ಕೆನ್ನೆಗೆ ಮುತ್ತು ಕೊಡ್ತಾರಂತೆ?

ಕೆನ್ನೆಗೆ ಕೆನ್ನೆ ತಾಗಿಸಿ ಶಬ್ದ ಮಾಡೋದು, ಒಂದೇ ಸಲ. ಗಂಡಸರು ಗಂಡಸರಿಗೆ ಕೈ ಕೊಡ್ತಾರೆ. ನಮ್ಮ ಮಾವ ಬಂದಾಗ ಪಕ್ಕದ ಮನೆ ಆಂಟಿ ಮುಂದೆ ಬಂದ್ಲು, ಇವರು ದೊಡ್ಡದಾಗಿ ಕೈ ಮುಗಿದು ಎರಡು ಹೆಜ್ಜೆ ಹಿಂದೆ ಹೋದ್ರು, ಅವಳಿಗೆ ಅದು ಎಷ್ಟು ಇಷ್ಟ ಆಯ್ತು ಅಂದ್ರೆ ಈಗಲೂ ನನ್ನ ನೋಡಿದ್ರೆ ಕೈ ಮುಗೀತಾಳೆ.

## ಹಳಬರ ಪ್ರಶ್ನೆಗಳು

ಗಣಪತಿ ಹಬ್ಬ ಹೆಂಗೆ ಮಾಡ್ತೀರಾ, ಮೂರ್ತಿ ಎಲ್ಲಿಂದ?

ಸಾಂತಿಯಾಗೊದಿಂದ ಒಂದು ಗಂಟೆ ದಾರೀಲಿ ಪೊಮಾಯ್ರೆ ಅಂತ ಕುಂಬಾರರ ಊರಿದೆ, ಊರಿಗೆ ಊರೇ ಮಣ್ಣಿನ ಮಡಕೆ. ಅಲ್ಲಿಂದ ಹಸಿಮಣ್ಣು ತಂದು ಮನೇಲೇ ಮಾಡ್ತೀವಿ. ಆನೆ ಮಾಡ್ತೀನಿ ಅಂದಿದ್ದಕ್ಕೆ ಕುಂಬಾರ ಅಜ್ಜ ಸೊಂಡಿಲು ಬೀಳದಂಗೆ ಒಳಗೆ ಕಡ್ಡಿ ಇಡು ಅಂತ ಹೇಳ್ಕೊಟ್ಟ. ವಿಸರ್ಜನೆ ಬಕೆಟಲ್ಲಿ, ನೀರು ಗಿಡಕ್ಕೆ. ಒಂದು ಎಚ್ಚರ, ಸೆಪ್ಟೆಂಬರ್ 18, 19 ಇವರ ರಾಷ್ಟ್ರೀಯ ಹಬ್ಬ, ಕಾನೂನು ಪ್ರಕಾರ ದೊಡ್ಡ ಅಂಗಡಿ ಎಲ್ಲಾ ಮುಚ್ಚಲೇಬೇಕು. 2023ರಲ್ಲಿ ಚೌತಿ ಸರಿಯಾಗಿ 18ಕ್ಕೇ ಬಂತು, ತೆಂಗಿನಕಾಯಿ ಇಲ್ದೆ ಒದ್ದಾಡಿದ್ವಿ. ಊರ ತುಂಬ ಗಾಳಿಪಟ, ಬಾವುಟ, ಕ್ವೇಕಾ ಡ್ಯಾನ್ಸು, ಗಣಪತಿಗೂ ಒಳ್ಳೇ ಮೆರವಣಿಗೆ ಸಿಕ್ಕಂಗಾಯ್ತು. ಇನ್ನೊಂದು ಒಳ್ಳೇದು, ನವೆಂಬರ್ 1 ಇಲ್ಲಿ ಸರ್ಕಾರಿ ರಜೆ. ಅವರು ಸತ್ತವರ ಸಮಾಧಿಗೆ ಹೂವಿಡೋಕೆ ಹೋಗ್ತಾರೆ, ನಾವು ನಾಲ್ಕು ಮನೆಯವರು ಸೇರಿ ರಾಜ್ಯೋತ್ಸವ ಮಾಡಿ ಬಿಸಿಬೇಳೆಬಾತ್ ತಿಂತೀವಿ.

ಸಂಕಷ್ಟಿ ಚಂದ್ರೋದಯ ಊರ ಟೈಮಾ, ಇಲ್ಲಿಯ ಟೈಮಾ?

ಇಲ್ಲೀದೇ, ಸಾಂತಿಯಾಗೊ ಹಾಕಿ ಪಂಚಾಂಗ ನೋಡಿ. ಆದ್ರೂ ಮೋಸ ಇದೆ. ಪೂರ್ವಕ್ಕೆ ಆಂಡಿಸ್ ಗೋಡೆ ಥರ ನಿಂತಿರೋದ್ರಿಂದ ಪಂಚಾಂಗದ ಟೈಮಾದ ಮೇಲೂ ಚಂದ್ರ ಬೆಟ್ಟದಿಂದ ತಲೆ ಎತ್ತೋಕೆ ಇನ್ನಷ್ಟು ಹೊತ್ತು ಬೇಕು, ಹಸಿದವರಿಗೆ ಅದು ಎಷ್ಟು ಅಂತ ಗೊತ್ತು. ಬಂದಾಗ ನೋಡಿದ್ರೆ ಮೊಲ ತಲೆಕೆಳಗೆ ಇರುತ್ತೆ. ತ್ರಿಶಂಕು ನಕ್ಷತ್ರ ಮಾತ್ರ ಊರಲ್ಲಿ ದಿಗಂತದ ಹತ್ತಿರ ಕಷ್ಟಪಟ್ಟು ಹುಡುಕ್ಬೇಕು, ಇಲ್ಲಿ ನೆತ್ತಿ ಹತ್ತಿರ.

ಸಂಬಳದಲ್ಲಿ ಹದಿನೇಳು ಪರ್ಸೆಂಟ್ ಮೇಲೆ ಹಿಡೀತಾರಲ್ಲ, ವಾಪಸ್ ಬರುತ್ತಾ?

ಹತ್ತು ಪರ್ಸೆಂಟ್ ಪೆನ್ಷನ್ ಪ್ಲಸ್ ಪೆನ್ಷನ್ ಕಂಪನಿಯವರ ಕಮಿಷನ್, ಏಳು ಪರ್ಸೆಂಟ್ ಆರೋಗ್ಯ. ಆರೋಗ್ಯದ್ದು ಹೋಯ್ತು. ಪೆನ್ಷನ್ನಿಗೆ 18.156 ನಂಬರಿನ ಕಾನೂನಿದೆ, ಟೆಕ್ನಿಕಲ್ ಕೆಲಸಕ್ಕೆ ಬಂದ ವಿದೇಶಿಯರು ತಮ್ಮ ದೇಶದಲ್ಲಿ ಅಂಥದ್ದೇ ಸ್ಕೀಮಲ್ಲಿ ಇದ್ರೆ ಕಟ್ಟದೇ ಇರಬಹುದು, ಕಟ್ಟಿದ್ರೆ ವಾಪಸ್ ಕೇಳಬಹುದು. ಆ ಸಾಲು ಕೆಲಸದ ಕಾಂಟ್ರಾಕ್ಟಲ್ಲೇ ಬರೆದಿರ್ಬೇಕು, ಸೈನ್ ಹಾಕೋಕೆ ಮುಂಚೆ ನೋಡಿ. ಪಿ.ಎಫ್. ಪೇಪರ್ ಎಲ್ಲಾ ಇಟ್ಕೊಂಡಿರಿ. ಕೆಲಸದ ಅವಧಿನೂ ಇಳೀತಿದೆ, ವಾರಕ್ಕೆ 45 ಗಂಟೆ ಇದ್ದಿದ್ದು 2024ರ ಏಪ್ರಿಲಲ್ಲಿ 44, 2026ಕ್ಕೆ 42, 2028ಕ್ಕೆ 40 ಅಂತ ಕಾನೂನು.

ಊರಿಗೆ ಹೋಗ್ತಾ ದಾರೀಲಿ ಬ್ರೆಜಿಲ್ ನೋಡ್ಕೊಂಡು ಹೋಗ್ಲಾ?

ಹೋಗಿ, ಆದ್ರೆ ಹಳದಿ ಜ್ವರದ ಲಸಿಕೆ ಹಾಕಿಸಿ ಕಾರ್ಡ್ ಇಟ್ಕೊಳ್ಳಿ, ಹತ್ತು ದಿನ ಮುಂಚೆ. ಬ್ರೆಜಿಲ್, ಪೆರು, ಬೊಲೀವಿಯಾ ಸುತ್ತಿ ನೇರ ಇಂಡಿಯಾಕ್ಕೆ ಕಾರ್ಡ್ ಇಲ್ದೆ ಇಳಿದ್ರೆ ಆರು ದಿನದವರೆಗೂ ಕ್ವಾರಂಟೀನಲ್ಲಿ ಇಡಬಹುದು. ಮಗಳ ಮದುವೆಗೆ ಅಂತ ಹೊರಟವರು ಏರ್‌ಪೋರ್ಟ್ ಪಕ್ಕ ಕೂರೋ ಹಾಗಾಗುತ್ತೆ.

ಅಮ್ಮಂಗೆ ಫೋನ್ ಮಾಡೋಕೆ ಸರಿ ಟೈಮ್ ಯಾವುದು?

ಚಳಿಗಾಲದಲ್ಲಿ ಊರು ನಮಗಿಂತ ಒಂಬತ್ತೂವರೆ ಗಂಟೆ ಮುಂದೆ, ಬೇಸಿಗೇಲಿ ಎಂಟೂವರೆ. ಏಪ್ರಿಲಲ್ಲಿ ಸೆಪ್ಟೆಂಬರಲ್ಲಿ ಇವರು ಗಡಿಯಾರ ತಿರುಗಿಸ್ತಾರೆ, ಆ ವಾರ ಅಮ್ಮ ಯಾಕೆ ಲೇಟು ಅಂತ ಬೈತಾರೆ, ವಿವರಿಸೋಕೆ ಹೋಗ್ಬೇಡಿ. ಚಳಿಗಾಲದಲ್ಲಿ ಬೆಳಿಗ್ಗೆ ಎಂಟಕ್ಕೆ, ನಾವು ಮಗುಗೆ ಡಬ್ಬಿ ಕಟ್ಟೋವಾಗ ಅಲ್ಲಿ ಸಂಜೆ ಐದೂವರೆ, ಕಾಫಿ ಆಗಿರುತ್ತೆ, ಸೀರಿಯಲ್ ಶುರು ಆಗಿರಲ್ಲ. ಅದೇ ಸರಿಯಾದ ಟೈಮು.